ಹೆಬ್ಬಾತಿನ ಹಿಕ್ಕೆಯೂ ನನ್ನ ಎಂ.ಎಸ್ಸಿ.ಯೂ

ನಿವೃತ್ತನಾದ ಮರುದಿನ ಬೆಳಿಗ್ಗೆ, ಎರಡನೇ ಕಪ್ ಚಹಾ ಕುಡಿಯುತ್ತಾ, ನಾನು ವಿಜ್ಞಾನಿಯಾಗುವುದೆಂದು ತೀರ್ಮಾನಿಸಿದೆ. ಅದರಲ್ಲಿ ಕಷ್ಟವೇನೂ ನನಗೆ ಕಾಣಲಿಲ್ಲ. ನನ್ನ ಬಿ.ಎಸ್ಸಿ. ಪದವಿ ಮೂವತ್ತೆಂಟು ವರ್ಷಗಳಿಂದ ಟ್ರಂಕಿನಲ್ಲಿ ಮಲಗಿತ್ತು. ಅದನ್ನು ಎಬ್ಬಿಸಿದರೆ ಆಯಿತು!

"ಎಬ್ಬಸ್ರಿ," ಎಂದಳು ಹೆಂಡತಿ ಶಾಂತಾ. "ಅದಕ್ಕೂ ಮೊದ್ಲ ಗ್ಯಾಸಿನ ಸಿಲಿಂಡರ್ ಬದ್ಲಿ ಮಾಡ್ರಿ."

ನನ್ನ ಆತ್ಮವಿಶ್ವಾಸಕ್ಕೆ ಕಾರಣವಿತ್ತು. ನಾನು ಹುಟ್ಟಿದ್ದು ಬೆಟಗೇರಿಯ ನೇಕಾರರ ಮನೆಯಲ್ಲಿ. ಮಗ್ಗದ ಸದ್ದಿನ ನಡುವೆ ಓದಿ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದೆ. ಮುಂದೆ ಓದುವ ಆಸೆ ಬಹಳ ಇತ್ತು. ಆದರೆ ಅಪ್ಪನ ಕಣ್ಣು ಮಂಜಾದವು, ಮಗ್ಗಕ್ಕೆ ಕೈ ಬೇಕಾಯಿತು. ನಾಲ್ಕು ವರ್ಷ ಸೀರೆ ನೇಯ್ದೆ. ಆಮೇಲೆ ಲಕ್ಷ್ಮೇಶ್ವರದಲ್ಲಿ ಒಬ್ಬ ವೈದ್ಯರ ಬಳಿ ಕಂಪೌಂಡರನಾದೆ. ಅದೇ ಊರಿನಲ್ಲಿ ಕಾಳಿನ ದಲಾಲಿ ಅಂಗಡಿಗೆ ಗುಮಾಸ್ತನಾದೆ. ಗದಗಿಗೆ ಮರಳಿ ಒಂದು ಪ್ರೆಸ್ಸಿನಲ್ಲಿ ಮದುವೆಯ ಕರೆಯೋಲೆಗಳ ತಪ್ಪು ತಿದ್ದಿದೆ. ಕೊನೆಗೆ ಸರಕಾರಿ ನೌಕರಿ ಸಿಕ್ಕಿ ಮುಂಡರಗಿಯ ಕಚೇರಿಯೊಂದರಲ್ಲಿ ಕೂದಲಿದ್ದವನಾಗಿ ಒಳಹೊಕ್ಕು ಕೂದಲಿಲ್ಲದವನಾಗಿ ಹೊರಬಂದೆ. ಇಷ್ಟೆಲ್ಲ ಮಾಡಿದವನಿಗೆ ಒಂದು ಎಂ.ಎಸ್ಸಿ. ಯಾವ ಮಹಾ?

ಗದಗಿನ ಕಾಲೇಜಿನಲ್ಲಿ ಪ್ರವೇಶ ಸಿಕ್ಕಿತು. ಮೊದಲ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹತ್ತು ನಿಮಿಷ ಮೊದಲೇ ತರಗತಿಯೊಳಗೆ ಕಾಲಿಟ್ಟೆ. ಇಪ್ಪತ್ತು ಜನ ಹುಡುಗ ಹುಡುಗಿಯರು ಧಡಕ್ಕನೆ ಎದ್ದು ನಿಂತರು. "ಗುಡ್ ಮಾರ್ನಿಂಗ್ ಸರ್!"

ಇಂಥ ಗೌರವ ಮುಂಡರಗಿಯ ಕಚೇರಿಯಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ. ಅದನ್ನು ಒಮ್ಮೆಲೇ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. "ಕುಂಡ್ರಿ, ಕುಂಡ್ರಿ," ಎಂದೆ. ಅವರು ಕುಳಿತರು. ನೋಟ್‌ಬುಕ್ ತೆರೆದರು. ಮುಂದಿನ ಬೆಂಚಿನ ಹುಡುಗಿ ಮೇಲೆ ತಾರೀಖನ್ನೂ ಬರೆದಳು. ನಾನು ಮೆಲ್ಲಗೆ ಹೋಗಿ ಅವಳ ಪಕ್ಕ ಕುಳಿತಾಗ ಅವಳು ಪೆನ್ನು ಮುಚ್ಚಿದ ರೀತಿಯನ್ನು ನಾನು ಮರೆಯುವಂತಿಲ್ಲ!

ನಮ್ಮ ಸುಜಾತಾ ಮೇಡಂ ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವರು. ಅವರು ನನಗೆ 'ಸರ್' ಅನ್ನುವರು, ನಾನು ಅವರಿಗೆ 'ಮೇಡಂ' ಅನ್ನುವೆ. ಹೀಗೆ ಪರಸ್ಪರ ಮರ್ಯಾದೆ ಕೊಡುತ್ತಾ ಒಂದು ವರ್ಷ ಕಳೆಯಿತು. ಎರಡನೇ ವರ್ಷ ಪ್ರಬಂಧ ಬರೆಯುವ ಕಾಲ ಬಂತು.

"ಲಕ್ಷ್ಮೇಶ್ವರ ಕಡೆ ಮಾಗಡಿ ಕೆರಿಗೆ ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಬರ್ತಾವಲ್ರಿ ಸರ್," ಎಂದರು ಮೇಡಂ. "ಅವು ಇಲ್ಲಿ ಏನ ತಿಂತಾವ ಅನ್ನೂದನ್ನ ನೀವು ಮಾಡ್ರಿ."

ನನ್ನ ಕಣ್ಣ ಮುಂದೆ ಒಂದು ಚಿತ್ರ ತೆರೆದುಕೊಂಡಿತು. ಕೆರೆಯ ದಂಡೆ. ಮಡಚುವ ಕುರ್ಚಿ. ಕುರ್ಚಿಯಲ್ಲಿ ಟೋಪಿ ಹಾಕಿದ ನಾನು. ಕೊರಳಲ್ಲಿ ದುರ್ಬೀನು, ಪಕ್ಕದಲ್ಲಿ ಥರ್ಮಾಸಿನ ಚಹಾ.

"ದಿನಾ ಕುಂತ ನೋಡ್ತೀನ್ರಿ ಮೇಡಂ!"

"ಬರೇ ನೋಡಿದ್ರ ಗೊತ್ತಾಗೂದಿಲ್ರಿ. ಒಳಗ ಹೋಗಿದ್ದನ್ನ ನೋಡಾಕ ಆಗೂದಿಲ್ಲ. ಹೊರಗ ಬಂದದ್ದನ್ನ ನೋಡಬೇಕು."

"ಅಂದ್ರ?"

"ಹಿಕ್ಕಿ ಸರ್."

ಹಿಕ್ಕೆಯನ್ನು ಆರಿಸಿ, ಒಣಗಿಸಿ, ಪುಡಿ ಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಅರಗದೆ ಉಳಿದ ಎಲೆಯ ಚೂರುಗಳು ಕಾಣುತ್ತವಂತೆ. ಅವು ಯಾವ ಗಿಡದವೆಂದು ಗುರುತಿಸಿದರೆ ಹಕ್ಕಿಯ ಊಟ ತಿಳಿಯುತ್ತದಂತೆ. ನನ್ನ ಚಿತ್ರದಲ್ಲಿದ್ದ ಕುರ್ಚಿ, ಥರ್ಮಾಸು ಎರಡೂ ಮಾಯವಾದವು. ಟೋಪಿ ಮಾತ್ರ ಉಳಿಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಮಾಗಡಿಯಲ್ಲಿ ಇಳಿದೆ. ಕೆರೆಯ ತುಂಬ ಹೆಬ್ಬಾತು! ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಹಿಮಾಲಯವನ್ನೇ ದಾಟಿ ಬಂದ ಹಕ್ಕಿಗಳು ನಮ್ಮ ಕೆರೆಯಲ್ಲಿ ಸಂತೆಗೆ ಬಂದವರಂತೆ ಗದ್ದಲ ಹಾಕುತ್ತಿದ್ದವು. ನನಗೆ ಮೈ ಜುಮ್ಮೆಂದಿತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಬಿಟ್ಟುಹೋದದ್ದು ಇಲ್ಲೇ ಕುಳಿತು ಕಾದಿತ್ತೇನೋ ಅನಿಸಿತು. ಈ ಉದಾತ್ತ ಭಾವನೆಯೊಡನೆಯೇ ಕೈಗೆ ಗ್ಲೌಸು ತೊಟ್ಟು, ಚಿಮಟ ಹಿಡಿದು, ದಂಡೆಯ ಹೊಲದಲ್ಲಿ ಮೊಣಕಾಲೂರಿ ಆರಿಸತೊಡಗಿದೆ.

ಸ್ವಲ್ಪ ಹೊತ್ತಿಗೆ ಎದುರಿಗೆ ಎರಡು ಕಾಲು ಕಂಡವು. ತಲೆ ಎತ್ತಿದೆ. ಹೊಲದ ಮಾಲೀಕ, ಫಕ್ಕೀರಪ್ಪ.

"ಏನ ಕಳಕೊಂಡ್ರಿ ಯಜಮಾನ್ರ? ಉಂಗುರೇನು?"

"ಏನೂ ಕಳಕೊಂಡಿಲ್ಲ. ಹಕ್ಕಿ ಹಿಕ್ಕಿ ಆರಸಾಕತ್ತೀನಿ."

ಆತ ನನ್ನನ್ನು ಬಹಳ ಕನಿಕರದಿಂದ ನೋಡಿದ. "ಮನ್ಯಾಗ ಯಾರೂ ಇಲ್ಲೇನ್ರಿ ನಿಮಗ?"

"ಅದಾರ."

"ಅವ್ರಿಗೆ ಗೊತ್ತೈತೇನ್ರಿ ನೀವು ಇಲ್ಲಿ ಬಂದದ್ದು?"

ಎಲ್ಲವನ್ನೂ ವಿವರಿಸಿದೆ. ಹಿಕ್ಕೆಯಿಂದ ಊಟ ತಿಳಿಯುತ್ತದೆ ಎಂದದ್ದೇ ತಡ, ಫಕ್ಕೀರಪ್ಪ ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. "ಹಂಗಾದ್ರ ಖರೇನ ಹೇಳ್ರಿ. ಈ ಹಕ್ಕಿ ನನ್ನ ಕಡ್ಲಿ ತಿಂತಾವ ಅಂತ ನಾನು, ಇಲ್ಲ, ಬರೇ ಹುಲ್ಲು ತಿಂತಾವ ಅಂತ ನಮ್ಮಣ್ಣ. ನಾಕ ವರ್ಷದಿಂದ ಇದ ಜಗಳ. ನೀವ ತೀರ್ಮಾನ ಮಾಡ್ರಿ."

ವಿಶ್ವವಿದ್ಯಾಲಯಕ್ಕಿಂತ ದೊಡ್ಡ ನ್ಯಾಯಾಲಯವೊಂದು ನನಗಾಗಿ ಕಾಯುತ್ತಿದೆ ಎಂದು ನನಗೆ ಆಗ ಅರಿವಾಯಿತು!

ಹೀಗೆ ವಾರವಾರವೂ ಮಾದರಿ ತಂದೆ. ಮನೆಯಲ್ಲಿ ಶಾಂತಾಳ ಆಜ್ಞೆ ಸ್ಪಷ್ಟವಾಗಿತ್ತು. "ಅದು ಹೊಸ್ತಿಲಾ ದಾಟಿ ಒಳಗ ಬರಬಾರ್ದು. ಬಂದ್ರ ನಾ ಹೊರಗ ಹೋಗ್ತೀನಿ." ಆದ್ದರಿಂದ ಹಿಕ್ಕೆ ಹೊರಗಿನ ಮೆಟ್ಟಿಲಿನಿಂದಲೇ ಮಾಳಿಗೆ ಹತ್ತಿತು. ಮೊರದಲ್ಲಿ ಒಣಗಿಸಿ, ಹಳೆಯ ಕಲ್ಲಿನಲ್ಲಿ ನುಣ್ಣಗೆ ಅರೆದರೆ ಹಸಿರು ಪುಡಿ. ಕಂಪೌಂಡರ್‌ಗಿರಿಯ ಅಭ್ಯಾಸ ಕೈಬಿಟ್ಟಿರಲಿಲ್ಲ. ಚೌಕ ಕಾಗದ ಕತ್ತರಿಸಿ, ಅಚ್ಚುಕಟ್ಟಾಗಿ ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ ಹಿಕ್ಕೆ ಸಂಗ್ರಹಿಸಿದ ವೇಳೆಯನ್ನು ಬರೆದೆ. 'ಬೆಳಿಗ್ಗೆ'. 'ಸಂಜೆ'. ಫೆಬ್ರವರಿ ಮುಗಿಯುವ ಹೊತ್ತಿಗೆ ಹನ್ನೆರಡು ಪೊಟ್ಟಣ ತಗಡಿನ ಡಬ್ಬಿಯಲ್ಲಿ ಸಾಲಾಗಿ ಕುಳಿತವು. ನನ್ನ ಎರಡು ವರ್ಷದ ಓದು ಆ ಡಬ್ಬಿಯಲ್ಲಿತ್ತು. ಸೋಮವಾರ ಅದನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು.

ಭಾನುವಾರ ಮಾಳಿಗೆ ಹತ್ತಿದೆ. ಡಬ್ಬಿ ಇತ್ತು. ಪೊಟ್ಟಣ ಇರಲಿಲ್ಲ. ಒಂದೂ!

"ಶಾಂತಾ! ನನ್ನ ಪೊಟ್ಟಣ ಎಲ್ಲಿ?"

ಶಾಂತಾ ಮೆಟ್ಟಿಲ ಮೇಲೆ ಬಂದು ನಿಂತಳು. ಮುಖ ಸ್ವಲ್ಪ ಬಿಳುಚಿತ್ತು. "ಸಿಟ್ಟ ಮಾಡಬ್ಯಾಡ್ರಿ. ಹೋದ ವಾರ ಅಂಬವ್ವಕ್ಕ ಮಾಳಗಿ ಮ್ಯಾಲಿಂದ ಕೇಳಿದ್ರು, ಏನವಾ ಶಾಂತಾ, ನಿನ್ನ ಗಂಡ ಏನ ಒಣಗಸ್ತಾನ ಅಂತ. ಹಕ್ಕಿ ಹಿಕ್ಕಿ ಅಂತ ಹ್ಯಾಂಗ ಹೇಳ್ಲಿ? ನನಗೂ ಮಾನ ಮರ್ಯಾದಿ ಇಲ್ಲೇನು?"

"ಮತ್ತ ಏನಂದಿ?"

"ಕಪ್ಪತಗುಡ್ಡದ ಔಷಧಿ ಅಂದೆ."

ನಾನು ಗೋಡೆ ಹಿಡಿದುಕೊಂಡೆ. ಅಂಬವ್ವಕ್ಕ ನಮ್ಮ ಪಕ್ಕದ ಮನೆಯವರು. ವಯಸ್ಸು ಎಪ್ಪತ್ತಾರು. ಎರಡೂ ಮೊಣಕಾಲು ನೋವು. ನಮ್ಮ ಮಾಳಿಗೆಗೂ ಅವರ ಮಾಳಿಗೆಗೂ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ; ಡಬ್ಬಿ ಅದರ ಪಕ್ಕದಲ್ಲೇ, ಅವರ ಕೈಗೆ ಎಟುಕುವಂತೆ ಇತ್ತು. ಕಪ್ಪತಗುಡ್ಡದ ಗಿಡಮೂಲಿಕೆ ಎಂದರೆ ನಮ್ಮ ಕಡೆ ಯಾರಿಗೆ ನಂಬಿಕೆ ಇಲ್ಲ? ಗುಡ್ಡದ ತಪ್ಪಲಿನ ಡೋಣಿ ಊರಿನ ಕಡೆಯಿಂದ ಯಾರಾದರೂ ಒಂದು ಬೇರು ತಂದರೂ ಓಣಿಯೆಲ್ಲ ಸಾಲುಗಟ್ಟುತ್ತದೆ. ಅದರ ಮೇಲೆ ನಾನು ಒಂದು ಕಾಲದ ಕಂಪೌಂಡರ್. ಅದರ ಮೇಲೆ ಪೊಟ್ಟಣಗಳ ಮೇಲೆ ನನ್ನದೇ ದುಂಡಗಿನ ಅಕ್ಷರ: ಬೆಳಿಗ್ಗೆ, ಸಂಜೆ!

ಅಷ್ಟರಲ್ಲಿ ಕೆಳಗೆ ಬಾಗಿಲು ಸದ್ದಾಯಿತು. ಇಳಿದು ನೋಡಿದರೆ ಅಂಬವ್ವಕ್ಕ ಬಂದಿದ್ದರು. ಕೈಯಲ್ಲಿ ಎಂದಿನ ಕೋಲು ಇರಲಿಲ್ಲ.

"ನೀಲಪ್ಪಾ! ನಿನ್ನ ಕೈಗುಣ ಏನಪಾ ಅದು! ನೋಡಿಲ್ಲಿ, ಹ್ಯಾಂಗ ಅಡ್ಡಾಡಾಕತ್ತೀನಿ!" ಎಂದು ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದು ತೋರಿಸಿದರು.

ನಾನು ಅವರ ಮೊಣಕಾಲನ್ನೇ ನೋಡಿದೆ. "ಅಕ್ಕಾ, ಅದನ್ನ... ಹಚ್ಚಿಕೊಂಡ್ರೇನು?"

"ಹಚ್ಚಿಕೊಂಡೆ. ಔಡಲ ಎಣ್ಣ್ಯಾಗ ಕಲಸಿ, ಬಿಸಿ ಮಾಡಿ, ಅರಿವಿ ಸುತ್ತಿ ಬಿಟ್ಟೆ."

ದೇವರು ದೊಡ್ಡವನು. ನಾನು ಉಸಿರು ಬಿಟ್ಟೆ.

"ಬೆಳಿಗ್ಗೆ, ಸಂಜಿ ಅಂತ ಬರದಿದ್ದಿಯಲ್ಲಾ, ಅದಕ್ಕ ಒಂದೀಟು ಹಾಲಿನ್ಯಾಗೂ ಹಾಕ್ಕೊಂಡು ಕುಡದೆ."

ಬಿಟ್ಟ ಉಸಿರು ಮರಳಿ ಬರಲಿಲ್ಲ! ಶಾಂತಾ ಅಡುಗೆಮನೆಗೆ ಓಡಿದಳು. ಅತ್ತಳೋ ನಕ್ಕಳೋ ಇಂದಿಗೂ ಹೇಳಿಲ್ಲ.

"ಎಷ್ಟು ದಿನ ಕುಡದ್ರಿ ಅಕ್ಕಾ?"

"ಎರಡ ದಿನ. ಉಳಿದಿದ್ದನ್ನ ಹಿಂದಿನ ಓಣಿ ನೀಲವ್ವಗ, ಅಕಿ ತಂಗಿಗೆ ಹಂಚೇನಿ. ಹಚ್ಚಿಕೊಳ್ಳಾಕಷ್ಟ. ಕುಡಿಯಾಕ ಕಹಿ ಆಗ್ತೈತಿ ಅಂದ್ರು. ಹೌದು, ರುಚಿ ಒಂದೀಟು ಬ್ಯಾರೇನ ಐತಿ."

ಮೇಡಂಗೆ ಫೋನು ಮಾಡಿದೆ. ಮಾದರಿ ಕಳೆದುಹೋಗಿದೆ ಎಂದೆ. ಎಲ್ಲಿ ಎಂದು ಕೇಳಿದರು. ಅಂಬವ್ವಕ್ಕನ ಹೊಟ್ಟೆಯಲ್ಲಿ ಎಂದೆ. ಮೇಡಂ ಗಂಭೀರ ದನಿಯಲ್ಲಿ ಹೇಳಿದರು, "ಸರ್, ಪ್ರಬಂಧ ಆಮ್ಯಾಲೆ. ಮೊದ್ಲ ಅವ್ರನ್ನ ಡಾಕ್ಟರ ಕಡೆ ಕರಕೊಂಡು ಹೋಗ್ರಿ. ಖರೇ ಏನಂತ ಹೇಳ್ರಿ."

ಖರೆ ಹೇಳುವುದು! ಎಪ್ಪತ್ತಾರು ವರ್ಷದ ಹಿರಿಯ ಜೀವಕ್ಕೆ, 'ಅಕ್ಕಾ, ನೀವು ಕುಡಿದದ್ದು ಇಂಥದ್ದು' ಎಂದು ಹೇಳುವ ಧೈರ್ಯವನ್ನು ಯಾವ ನೌಕರಿಯೂ ನನಗೆ ಕಲಿಸಿರಲಿಲ್ಲ. ಆದರೂ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ. ದಾರಿಯಲ್ಲಿ, ಆಟೋ ಚಾಲಕನಿಗೂ ಕೇಳಿಸದಷ್ಟು ಮೆಲ್ಲಗೆ, ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡೆ.

ಅಂಬವ್ವಕ್ಕನ ಬಾಯಿ ತೆರೆಯಿತು. ಆಟೋ ನಿಲ್ಲುವಂತೆ ಕೂಗಿದರು. "ಹಿಕ್ಕಿ? ಹಕ್ಕೀದು? ನನಗ ಹಕ್ಕಿ ಹಿಕ್ಕಿ ಕುಡಿಸಿದೇನೋ ಹಲ್ಕಾ!"

"ತಪ್ಪಾತು ಅಕ್ಕಾ. ಬೇಕಂತ ಮಾಡಿಲ್ಲ."

"ಯಾವ ಹಕ್ಕಿ? ಕಾಗಿ? ಪಾರಿವಾಳ?"

"ಹೆಬ್ಬಾತು ಅಕ್ಕಾ. ಮಾಗಡಿ ಕೆರಿಗೆ ಬರ್ತಾವಲ್ಲ, ಹಿಮಾಲಯದ ಆ ಕಡಿಂದ..."

ಅಂಬವ್ವಕ್ಕನ ಮುಖ ಸ್ವಲ್ಪ ಸ್ವಲ್ಪವಾಗಿ ಬದಲಾಯಿತು. "ಹಿಮಾಲಯದ ಆ ಕಡಿಂದ? ಅಂದ್ರ ಕೈಲಾಸದ ದಿಕ್ಕಿಂದ?"

"ಆ ದಿಕ್ಕಿಂದನ ಬರ್ತಾವ ಅಂತ ಇಟ್ಕೋರಿ."

"ಶಿವಾ ಶಿವಾ!" ಎಂದು ಎರಡೂ ಕೈ ಜೋಡಿಸಿದರು. "ಇದನ್ನ ಮೊದ್ಲ ಹೇಳಬಾರ್ದನೋ! ಅದಕ್ಕ ಮೊಣಕಾಲು ನೋವು ಬಿಟ್ಟೈತಿ!"

ವೈದ್ಯರು ಪರೀಕ್ಷಿಸಿದರು. ನನ್ನ ಮಾತು ಕೇಳಿ ಐದು ನಿಮಿಷ ಕಿಟಕಿಯ ಕಡೆ ಮುಖ ಮಾಡಿ ನಿಂತರು. ಅವರ ಭುಜ ಕುಣಿಯುತ್ತಿತ್ತು. ಆಮೇಲೆ ಗಾಬರಿಪಡುವಂಥದ್ದು ಏನೂ ಇಲ್ಲ, ಮುಂಜಾಗ್ರತೆಗೆ ಎರಡು ಮಾತ್ರೆ ಇರಲಿ ಎಂದರು. ಮೊಣಕಾಲಿಗೆ ಹಗುರಾದದ್ದು ಬಿಸಿ ಔಡಲೆಣ್ಣೆ ತಿಕ್ಕಿದ್ದರಿಂದ ಎಂದು ಸ್ಪಷ್ಟವಾಗಿ ವಿವರಿಸಿದರು. ಅಂಬವ್ವಕ್ಕ ತಲೆಯಾಡಿಸಿ ಕೇಳಿದರು. ಹೊರಗೆ ಬಂದು, "ಪಾಪ, ಡಾಕ್ಟರಗ ಏನ ಗೊತ್ತು," ಎಂದರು.

ಸಂಜೆ ನಮ್ಮ ಕಟ್ಟೆಯ ಮೇಲೆ ಏಳು ಜನ ಹೆಂಗಸರು ಕುಳಿತಿದ್ದರು. ಕೈಲಾಸದ ಪುಡಿ ಬೇಕಂತೆ. ಒಬ್ಬರು ಸೊಂಟಕ್ಕೆ, ಒಬ್ಬರು ಹಲ್ಲಿಗೆ. ಮತ್ತೊಬ್ಬರು ಗಂಡನ ಸಿಟ್ಟಿಗೆ! ಅದು ಔಷಧಿ ಅಲ್ಲ, ಖಂಡಿತ ಅಲ್ಲ ಎಂದು ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದೆ. ನಂಬಲಿಲ್ಲ. ಕೊನೆಗೆ ಶಾಂತಾ ಹೊರಗೆ ಬಂದು, ಮಾನ ಮರ್ಯಾದೆ ಎಲ್ಲ ಬದಿಗಿಟ್ಟು, ಏರುದನಿಯಲ್ಲಿ, "ಹಿಕ್ಕೀರಿ ಅದು! ಹಕ್ಕಿ ಹಿಕ್ಕಿ! ನಮ್ಮನಿಯವ್ರು ಆರಿಸಿ ತರ್ತಾರ!" ಎಂದು ಇಡೀ ಓಣಿಗೆ ಕೇಳುವಂತೆ ಸಾರಿದಳು. ಕಟ್ಟೆ ಖಾಲಿಯಾಯಿತು. ನನ್ನ ಸಂಶೋಧನೆ ಅಂದು ಮೊದಲ ಬಾರಿಗೆ ಪ್ರಕಟವಾಯಿತು!

ಆದರೆ ಮಾದರಿ? ಪ್ರಬಂಧ ಕೊಡಲು ತಿಂಗಳಷ್ಟೇ ಉಳಿದಿತ್ತು. ಅದಕ್ಕಿಂತ ದೊಡ್ಡ ಭಯ ಬೇರೆ. ಬಿಸಿಲು ಏರುತ್ತಿತ್ತು. ಹೆಬ್ಬಾತುಗಳು ಊರಿಗೆ ಹೊರಡುವ ಕಾಲ. ಅವು ಒಮ್ಮೆ ಎದ್ದರೆ ನಾನು ಮುಂದಿನ ಚಳಿಗಾಲದವರೆಗೆ ಕಾಯಬೇಕು. ಅರವತ್ತೆರಡರ ವಿದ್ಯಾರ್ಥಿಗೆ ಒಂದು ವರ್ಷ ಸಣ್ಣ ಮಾತಲ್ಲ. ಆ ದಿನ ಊಟ ಸೇರಲಿಲ್ಲ. ಶಾಂತಾ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು. "ನಾಳೆ ನಾನೂ ಬರ್ತೀನಿ," ಎಂದಳು. "ಇಬ್ರು ಆರಿಸಿದ್ರ ಜಲ್ದಿ ಆಗ್ತೈತಿ."

ಮೂವತ್ತೈದು ವರ್ಷದ ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಪ್ರೀತಿಯ ಮಾತನ್ನು ನಾನು ಕೇಳಿಲ್ಲ.

ಮಾಗಡಿಯಲ್ಲಿ ಇಳಿದು ನೋಡಿದರೆ ಕೆರೆ ಖಾಲಿ! ನಾನು ದಂಡೆಯ ಮೇಲೆ ಕುಕ್ಕರಿಸಿದೆ. ದೂರದಿಂದ ಫಕ್ಕೀರಪ್ಪ ಕೂಗಿದ. "ಅಲ್ಲಿ ಅಲ್ರಿ! ಆ ಕಡೆ ಹಳ್ಳದ ಹುಲ್ಲಿಗೆ ಬಿದ್ದಾವ! ಬರ್ರಿ ಜಲ್ದಿ, ಇವತ್ತ ನಾಳಿ ಹೊಂಟ್ಹೋಗ್ತಾವ!"

ಓಡಿದೆ. ಅರವತ್ತೆರಡು ವರ್ಷದವನು ಓಡಿದೆನೆಂದು ಬರೆಯುವುದು ಸುಲಭ. ಕರಿಮಣ್ಣಿನ ಕೆಸರಲ್ಲಿ ಎಡಗಾಲಿನ ಬೂಟು ಉಳಿಯಿತು. ಕಾಲು ಮಾತ್ರ ಮುಂದೆ ಬಂತು. ಹತ್ತು ಹೆಜ್ಜೆಗೆ ನಾನೂ ಮುಗ್ಗರಿಸಿ ಉದ್ದಕ್ಕೆ ಬಿದ್ದೆ. ಸದ್ದಿಗೆ ಹೆದರಿ ಇಡೀ ಹಿಂಡು ಒಮ್ಮೆಲೇ ಮೇಲೆದ್ದು, ಕೂಗುತ್ತಾ ನನ್ನ ತಲೆಯ ಮೇಲಿಂದಲೇ ಹಾರಿತು. ಎಂಥ ನೋಟ! ಬಾಯಿ ತೆರೆದು ನೋಡಿದೆ. ಪುಣ್ಯಕ್ಕೆ ಸರಿಯಾದ ಸಮಯಕ್ಕೆ ಬಾಯಿ ಮುಚ್ಚಿದೆ.

ಟಪ್! ಟೋಪಿಯ ಮೇಲೆ.

"ಅಲುಗಾಡಬ್ಯಾಡ್ರಿ!" ಎಂದು ಶಾಂತಾ ಚೀರಿದಳು. ಓಡಿ ಬಂದು, ಚಿಮಟದಿಂದ ಅದನ್ನು ಎತ್ತಿ ಪೊಟ್ಟಣಕ್ಕೆ ಹಾಕಿದಳು. ಮಣ್ಣು ತಾಗದ ಶುದ್ಧ ಮಾದರಿ ಸಿಗುವುದು ಅಪರೂಪ ಎಂದು ಮೇಡಂ ಹೇಳಿದ್ದರು. ನಮಗೆ ಸಿಕ್ಕಿತು! ಹಳ್ಳದ ಹುಲ್ಲಿನಲ್ಲಿ, ಕಡಲೆ ಹೊಲದಲ್ಲಿ ಶಾಂತಾ ಒಂದು ಸಾಲು, ಫಕ್ಕೀರಪ್ಪ ಒಂದು ಸಾಲು, ಒಂಟಿ ಬೂಟಿನ ನಾನು ಒಂದು ಸಾಲು ಹಿಡಿದು ಆರಿಸಿದೆವು. ಎರಡು ದಿನದಲ್ಲಿ ಹದಿನೈದು ಪೊಟ್ಟಣ. ಮೂರನೆಯ ದಿನ ಆಕಾಶದಲ್ಲೂ ಕೆರೆಯಲ್ಲೂ ಒಂದೂ ಹೆಬ್ಬಾತು ಇರಲಿಲ್ಲ.

ಈ ಸಲ ಪೊಟ್ಟಣದ ಮೇಲಿನ ಬರಹ ಹೊಸದು. ಒಂದೊಂದರ ಮೇಲೂ ಕೆಂಪು ಅಕ್ಷರದಲ್ಲಿ 'ತಿನ್ನಬಾರದು' ಎಂದು ಬರೆದೆ.

ಪ್ರಯೋಗಾಲಯದಲ್ಲಿ ನಿಜವಾದ ಪರೀಕ್ಷೆ. ಪುಡಿಯಲ್ಲಿ ಕಾಣುವ ಎಲೆಯ ಚೂರು ಹುಲ್ಲಿನದೋ ಕಡಲೆಯದೋ? ಚೂಟಿಯಾದ ಹುಡುಗರೇ ಪುಸ್ತಕ ತಿರುವಿ ತಲೆ ಕೆರೆದುಕೊಳ್ಳುತ್ತಿದ್ದರು. ನಾನು ಕಣ್ಣಿಟ್ಟೆ, ಮತ್ತು ನನಗೇ ನಗು ಬಂತು. ಹುಲ್ಲಿನ ಕೋಶಗಳು ಉದ್ದುದ್ದಕ್ಕೆ ಸಾಲು ಹಿಡಿದು ನಿಂತಿದ್ದವು, ಮಗ್ಗಕ್ಕೆ ಎಳೆದ ಹಾಸಿನ ನೂಲಿನ ಹಾಗೆ. ಕಡಲೆ ಎಲೆಯವು ಸೊಟ್ಟ ಸೊಟ್ಟ, ಒಂದರೊಳಗೊಂದು ಸಿಕ್ಕಿಕೊಂಡ ಚಿಂದಿಯ ಕೌದಿ. ಒಂದು ಎಳೆ ತಪ್ಪಿದರೂ ಗುರುತಿಸುವಂತೆ ಅಪ್ಪ ನನ್ನ ಕಣ್ಣನ್ನು ಪಳಗಿಸಿದ್ದ. "ಇದು ಹುಲ್ಲು. ಇದೂ ಹುಲ್ಲು. ಇದು ಕಡ್ಲಿ," ಎಂದು ಒಂದೊಂದೇ ಹೇಳುತ್ತಾ ಹೋದೆ. ಮೇಡಂ ಪಕ್ಕದಲ್ಲಿ ನಿಂತು ತಾಳೆ ನೋಡಿದರು. ಎಲ್ಲವೂ ಸರಿ! ಆ ವಾರದಿಂದ ನನ್ನ ಸಹಪಾಠಿಗಳು ತಮ್ಮ ಸ್ಲೈಡುಗಳನ್ನು ಹಿಡಿದು ನನ್ನ ಬೆಂಚಿಗೆ ಬರತೊಡಗಿದರು. ಮೊದಲ ದಿನ ಪೆನ್ನು ಮುಚ್ಚಿದ ಹುಡುಗಿಯೂ ಬಂದಳು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಗಂಭೀರ ಪ್ರಾಧ್ಯಾಪಕರು ಬಂದಿದ್ದರು. ಪುಟ ತಿರುವುತ್ತಾ ಒಂದು ಕಡೆ ನಿಂತರು. "ಒಂದನೇ ಮಾದರಿ. ಸಂಗ್ರಹಿಸಿದ ಸ್ಥಳ... ಸಂಶೋಧಕನ ಟೋಪಿ?"

"ಹೌದ್ರಿ ಸರ್."

"ಟೋಪಿ ಎಲ್ಲಿತ್ತು?"

"ತಲಿ ಮ್ಯಾಲ ಇತ್ರಿ."

ಆ ಗಂಭೀರ ಮನುಷ್ಯರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಒಂದು ಗಂಟೆ ಪ್ರಶ್ನೆ ಕೇಳಿದರು, ಬಿಟ್ಟೂ ಬಿಡದೆ. ಮಾದರಿ ಕಳೆದ ಕಥೆಯನ್ನೂ ಮುಚ್ಚಿಡದೆ ಹೇಳಿದೆ. ಕೊನೆಗೆ ಎದ್ದು ಕೈ ಕುಲುಕಿ, "ಇಷ್ಟು ಪ್ರಾಮಾಣಿಕವಾದ ಪ್ರಬಂಧ ಓದಿ ಬಹಳ ದಿನ ಆಗಿತ್ತು," ಎಂದರು. ಮೇಡಂ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ ಇದ್ದದ್ದನ್ನು ಧೂಳು ಎಂದೆ.

ಮಾಗಡಿಗೂ ಹೋಗಿ ತೀರ್ಪು ಹೇಳಿದೆ. "ಹೆಚ್ಚಿಗಿ ಹುಲ್ಲು ತಿಂದಾವ. ಒಂದೀಟು ಕಡ್ಲಿನೂ ತಿಂದಾವ."

"ನಾ ಹೇಳಿದ್ನಿಲ್ಲೋ!" ಎಂದರು ಅಣ್ಣ ತಮ್ಮ ಇಬ್ಬರೂ ಒಂದೇ ಉಸಿರಿಗೆ. ಜಗಳ ಐದನೇ ವರ್ಷಕ್ಕೆ ಕಾಲಿಟ್ಟಿತು.

ಫಲಿತಾಂಶ ಬಂತು. ಪ್ರಥಮ ದರ್ಜೆ! ಪ್ರಬಂಧಕ್ಕೆ ತರಗತಿಯಲ್ಲೇ ಎಲ್ಲರಿಗಿಂತ ಹೆಚ್ಚು ಅಂಕ. ವಿಭಾಗದ ಸೂಚನಾ ಫಲಕದಲ್ಲಿ ನನ್ನ ಫೋಟೋ ಹಾಕಿದ್ದಾರೆಂದು ಮೇಡಂ ಫೋನು ಮಾಡಿದರು. ಶಾಂತಾ ಹೊಸ ಇಳಕಲ್ ಸೀರೆ ಉಟ್ಟಳು. ನಾನು ಎದೆ ಉಬ್ಬಿಸಿ, ಅವಳನ್ನು ಕರೆದುಕೊಂಡು ಕಾಲೇಜಿಗೆ ಹೋದೆ.

ಫೋಟೋ ದೊಡ್ಡದಾಗಿಯೇ ಇತ್ತು. ನಗದೆ ನೇರ ನೋಡುವ, ಸರಕಾರಿ ಗುರುತಿನ ಚೀಟಿಯ ಫೋಟೋ. ಪ್ರೀತಿಯಿಂದ ಯಾರೋ ಸುತ್ತಲೂ ಸೇವಂತಿಗೆ ಹೂವು ಅಂಟಿಸಿದ್ದರು. ಕೆಳಗೆ ಬರೆದಿದ್ದ ಅಭಿನಂದನೆಯ ಸಾಲುಗಳನ್ನು ಒಂದು ಹೂವಿನ ದಂಡೆ ಇಳಿಬಿದ್ದು ಮುಚ್ಚಿತ್ತು. ಮುಂದೆ ಹೊಸದಾಗಿ ಪ್ರವೇಶ ಪಡೆದ ಹುಡುಗಿಯೊಬ್ಬಳು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದಳು.

ಕಣ್ಣು ತೆರೆದವಳು ಶಾಂತಾಳನ್ನು ನೋಡಿ ಮೆಲ್ಲಗೆ ಕೇಳಿದಳು, "ಬಾಳ ಒಳ್ಳೆಯವ್ರಿದ್ರಂತಲ್ರಿ? ಯಾವಾಗ ಹೋದ್ರು?"

"ಹೋಗಿಲ್ಲವಾ," ಎಂದಳು ಶಾಂತಾ. "ಈಗ ಬಂದಾರ."

ಹುಡುಗಿ ನನ್ನತ್ತ ತಿರುಗಿದಳು. ಫೋಟೋ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು!

ನಾನು ಏನು ಮಾಡಲಿ? ಫಲಕದ ಮುಂದೆ ನಿಂತು, ತಲೆ ತಗ್ಗಿಸಿ, ನನಗಾಗಿ ಒಂದು ನಿಮಿಷ ಮೌನ ಆಚರಿಸಿದೆ.